ಗುಳಿಗೆ ಮುಗಿದ ಮೇಲೂ ಉರಿಮೂತ್ರ ಯಾಕೆ ಮರಳಿ ಬರುತ್ತದೆ? ಸುಂಡಿಲಿಗಳಲ್ಲಿ ನಾವು ನೋಡಿದ್ದು

ಕಾಡುಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ನಮ್ಮೂರು ವಿರಾಜಪೇಟೆಯಿಂದ ಒಳಗೆ. ಬೆಂಗಳೂರಿನಲ್ಲಿ ಮೈಕ್ರೋಬಯಾಲಜಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೂತ್ರದ ಸೋಂಕು ಹೇಗೆ ಶುರುವಾಗುತ್ತದೆ, ಹೇಗೆ ಉಳಿದುಕೊಳ್ಳುತ್ತದೆ ಅಂತ ಸುಂಡಿಲಿಗಳಲ್ಲಿ ನೋಡುವುದು ನನ್ನ ಕೆಲಸ. ಊರಲ್ಲಿ ಯಾರಾದರೂ ಕೇಳಿದರೆ "ಲ್ಯಾಬ್ ಕೆಲಸ" ಅಂತಷ್ಟೇ ಹೇಳುತ್ತಿದ್ದೆ. ಈ ಸಲ ಪುತ್ತರಿ ಹಬ್ಬಕ್ಕೆ ಮನೆಗೆ ಹೋದ ಮೇಲೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ.

ಅಮ್ಮನಿಗೆ 58 ವರ್ಷ. ಒಂದೇ ವರ್ಷದಲ್ಲಿ ನಾಲ್ಕು ಸಲ ಉರಿಮೂತ್ರ ಬಂದಿದೆ. ಪ್ರತಿ ಸಲ ಗುಳಿಗೆ ನುಂಗುತ್ತಾರೆ, ಕಡಿಮೆ ಆಗುತ್ತದೆ, ಕೆಲವು ವಾರ ಬಿಟ್ಟು ಮತ್ತೆ ಅದೇ ಉರಿ. ಮೂರನೇ ಸಲ ಹೋದಾಗ ಒಂದು ಕ್ಲಿನಿಕ್‌ನಲ್ಲಿ ಹೊರಗೆ ಕೂತವರಿಗೆಲ್ಲ ಕೇಳುವ ಹಾಗೆ "ಸ್ವಲ್ಪ ಶುಚಿಯಾಗಿ ಇರಬೇಕಮ್ಮಾ" ಅಂದರಂತೆ. ಹಂಡೆ ಒಲೆಗೆ ಬೆಂಕಿ ಹಾಕದೆ ದಿನ ಶುರು ಮಾಡದ ಹೆಂಗಸು ನನ್ನಮ್ಮ. ನಾಲ್ಕನೇ ಸಲ ಬಂದಾಗ ಯಾರಿಗೂ ಹೇಳಲೇ ಇಲ್ಲ. ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ನನಗೆ ಗೊತ್ತಾಗಿದ್ದು ಪುತ್ತರಿ ದಿನ ಅವರು ಊಟಕ್ಕೆ ಕೂರದೆ ಒಳಗೆ ಮಲಗಿದಾಗ.

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಲ್ಯಾಬ್‌ನಲ್ಲಿ ಸುಂಡಿಲಿಗಳೆಲ್ಲ ಒಂದೇ ತಳಿ. ತದ್ರೂಪಿ ಅವಳಿಗಳ ಹಾಗೆ ಅವುಗಳ ವಂಶವಾಹಿ ಒಂದೇ. ಒಂದೇ ವಯಸ್ಸು. ಒಂದೇ ಪಂಜರ, ಒಂದೇ ಹಾಸು, ಒಂದೇ ನೀರು. ಎಲ್ಲಕ್ಕೂ ಒಂದೇ ದಿನ ಒಂದೇ ಅಳತೆಯ ಬ್ಯಾಕ್ಟೀರಿಯಾ ಕೊಡುತ್ತೇವೆ. ಕೆಲವು ವಾರ ಬಿಟ್ಟು ನೋಡಿದರೆ ಒಂದು ಇಲಿಯ ಮೂತ್ರ ತಿಳಿಯಾಗಿರುತ್ತದೆ, ಪಕ್ಕದ ಇಲಿಯಲ್ಲಿ ಸೋಂಕು ಇನ್ನೂ ಇರುತ್ತದೆ. ಅವುಗಳಲ್ಲಿ ಯಾವುದು ಗಲೀಜು, ಯಾವುದು ಶುಚಿ?

ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಆರೇಳು ವಾರದ ಹೆಣ್ಣು ಸುಂಡಿಲಿಗೆ ಮೊದಲು ಪ್ರಜ್ಞೆ ತಪ್ಪಿಸುತ್ತೇವೆ. ತೀರಾ ಸಪೂರದ ಮೆತ್ತನೆಯ ನಳಿಕೆಯಿಂದ ಮೂತ್ರಕೋಶಕ್ಕೆ 50 ಮೈಕ್ರೋಲೀಟರ್, ಅಂದರೆ ಒಂದು ಹನಿಯಷ್ಟು ದ್ರವ ಬಿಡುತ್ತೇವೆ. ಆ ಹನಿಯಲ್ಲಿ ಒಂದು ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಇರುತ್ತವೆ. ಲೋಕದಲ್ಲೆಲ್ಲ ಈ ಕೆಲಸಕ್ಕೆ ಹೆಚ್ಚು ಬಳಸುವ ತಳಿಯ ಹೆಸರು ಯುಟಿಐ89. ಅದು ಒಬ್ಬ ರೋಗಿಯ ಮೂತ್ರಕೋಶದ ಸೋಂಕಿನಿಂದ ಸಿಕ್ಕಿದ್ದು. ಅದನ್ನು ಅಲುಗಾಡಿಸದೆ, 37 ಡಿಗ್ರಿಯಲ್ಲಿ, ಒಂದು ದಿನ ಬೆಳೆಸಿ ಇನ್ನೊಂದು ದಿನ ಮತ್ತೆ ಬೆಳೆಸುತ್ತೇವೆ. ಹಾಗೆ ಮಾಡಿದರೆ ಅದರ ಮೈತುಂಬ ಸಣ್ಣ ಕೂದಲು ಬರುತ್ತವೆ. ಆ ಕೂದಲ ತುದಿಯಲ್ಲಿ ಫಿಮ್‌ಎಚ್ ಅನ್ನುವ ಕೊಕ್ಕೆ ಇದೆ. ಮೂತ್ರಕೋಶದ ಒಳಗೋಡೆಯ ಮೇಲಿರುವ ಮ್ಯಾನೋಸ್ ಅನ್ನುವ ಸಕ್ಕರೆಗೆ ಅದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮೂತ್ರ ಹರಿದು ಹೋದರೂ ಅದು ಹೋಗುವುದಿಲ್ಲ.

ನಮ್ಮ ಅಮ್ಮಂದಿರಿಗೆ ಹೇಳಬೇಕಾದ್ದು ಇದರ ಮುಂದಿನ ಮಾತು. ಬ್ಯಾಕ್ಟೀರಿಯಾ ಗೋಡೆಯ ಮೇಲೆ ಕೂತಿರುವುದಷ್ಟೇ ಅಲ್ಲ, ಗೋಡೆಯ ಜೀವಕೋಶದ ಒಳಗೇ ಹೋಗುತ್ತದೆ. ಆರು ಗಂಟೆಯಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದು ಕೋಶದೊಳಗೂ ಗುಂಪುಗುಂಪಾಗಿ ಕಾಣುತ್ತವೆ. ಒಂದೇ ಕೋಶದಲ್ಲಿ ಸಾವಿರಾರು, ಜೇನುಗೂಡಿನ ಹಾಗೆ ಒತ್ತೊತ್ತಾಗಿ. ಇದನ್ನು 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ಸ್ಕಾಟ್ ಹಲ್ಟ್‌ಗ್ರೆನ್ ಅವರ ತಂಡ ಇಲಿಗಳಲ್ಲಿ ವಿವರವಾಗಿ ತೋರಿಸಿತು. ಆಮೇಲೆ ಆ ಕೋಶ ಒಡೆದು ಉದ್ದುದ್ದ ದಾರದ ಹಾಗಿರುವ ಬ್ಯಾಕ್ಟೀರಿಯಾ ಹೊರಬಂದು ಪಕ್ಕದ ಕೋಶ ಹಿಡಿಯುತ್ತವೆ. ದೇಹವೂ ಸುಮ್ನೆ ಇರುವುದಿಲ್ಲ. ಸೋಂಕು ಹತ್ತಿದ ಮೇಲ್ಪದರವನ್ನೇ ಕಳಚಿ ಮೂತ್ರದಲ್ಲಿ ಬಿಡುತ್ತದೆ. ಆದರೆ ಹಾಗೆ ಕಳಚಿದಾಗ ಕೆಳಪದರ ಬಯಲಿಗೆ ಬೀಳುತ್ತದೆ. ಕೆಲವು ಬ್ಯಾಕ್ಟೀರಿಯಾ ಅಲ್ಲಿಗೆ ಇಳಿದು ಮಲಗಿಬಿಡುತ್ತವೆ.

ಅಲ್ಲಿ ಅವು ಬೆಳೆಯುವುದಿಲ್ಲ, ಹೆಚ್ಚುವುದೂ ಇಲ್ಲ. ಮೂತ್ರ ಪರೀಕ್ಷೆಯಲ್ಲಿ ಏನೂ ಬರುವುದಿಲ್ಲ. ಇಲಿಗಳಿಗೆ ಹತ್ತು ದಿನ ಆಂಟಿಬಯೋಟಿಕ್ ಕೊಟ್ಟು ಮೂತ್ರ ಪೂರ್ತಿ ತಿಳಿಯಾದ ಮೇಲೂ ಮೂತ್ರಕೋಶ ಅರೆದು ನೋಡಿದರೆ ಜೀವಂತ ಬ್ಯಾಕ್ಟೀರಿಯಾ ಸಿಕ್ಕಿವೆ. ವಾರಗಳು ಕಳೆದ ಮೇಲೆ ಅವೇ ಎದ್ದು ಬರಬಹುದು. ಅಮ್ಮನಿಗೆ ಹೀಗೆ ಹೇಳಿದೆ: ಗದ್ದೆಯ ಮೇಲಿನ ಕಳೆ ಕಿತ್ತೆವು, ಮಣ್ಣೊಳಗಿನ ಗಡ್ಡೆ ಉಳಿಯಿತು.

ಹಾರಂಗಿ ದಡ:
ತಂಗೀ, ಓದಿದೆ. ಒಂದು ಸಂದೇಹ. ನಮ್ಮ ಕಡೆ ಗದ್ದೆ ಕೆಲಸದವರಿಗೆ ಮಳೆಗಾಲದಲ್ಲಿ ಇಲಿಜ್ವರ ಬರುತ್ತದಲ್ವಾ, ಇಲಿಯ ಮೂತ್ರದಿಂದ ಅಂತಾರೆ. ನೀನು ಹೇಳುವ ರೋಗ ಅದೇನಾ? ನಮ್ಮ ಮನೆಯ ಅಟ್ಟದಲ್ಲಿ ಇಲಿ ಕಾಟ ಜಾಸ್ತಿ.

ಕಾಡುಮಲ್ಲಿಗೆ:
ಅಲ್ಲಣ್ಣ, ಎರಡೂ ಬೇರೆ. ಇಲಿಜ್ವರ ಅಂದರೆ ಲೆಪ್ಟೋಸ್ಪೈರೋಸಿಸ್. ಅದರ ಬ್ಯಾಕ್ಟೀರಿಯಾ ಇಲಿ, ಹೆಗ್ಗಣ, ದನಗಳ ಮೂತ್ರದಿಂದ ಕೆಸರಿಗೆ ಸೇರಿ ಕಾಲಿನ ಗಾಯದಿಂದ ಮೈಗೆ ಬರುತ್ತದೆ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು, ಕೆಲವರಿಗೆ ಕಾಮಾಲೆ. ಅದಕ್ಕೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಾನು ಹೇಳುತ್ತಿರುವ ಸೋಂಕು ಇಲಿಯಿಂದ ಬರುವುದಲ್ಲ. ಇ. ಕೋಲಿ ನಮ್ಮ ಕರುಳಲ್ಲೇ ಇರುವುದು. ಅಲ್ಲಿಂದ ಮೂತ್ರನಾಳಕ್ಕೆ ಬಂದಾಗ ತೊಂದರೆ. ಹೆಂಗಸರ ಮೂತ್ರನಾಳ ಗಿಡ್ಡ, ಸುಮಾರು 4 ಸೆಂಟಿಮೀಟರ್, ಆದ್ದರಿಂದ ಅವರಲ್ಲಿ ಜಾಸ್ತಿ. ನಮ್ಮಲ್ಲಿರುವ ಸುಂಡಿಲಿ ಲ್ಯಾಬ್‌ಗಾಗಿಯೇ ಸಾಕಿದ್ದು, 20 ಗ್ರಾಂ ತೂಗುತ್ತದೆ. ಅದನ್ನು ಬಳಸುವುದು ಮನುಷ್ಯರ ರೋಗ ತಿಳಿಯಲು.

ಕಿತ್ತಳೆ ಹೂ:
ಹೆಸರು ಹೇಳದೆ ಬರೆಯುತ್ತಿದ್ದೇನೆ. ಮದುವೆಯಾಗಿ ಸೋಮವಾರಪೇಟೆ ಕಡೆಗೆ ಬಂದು ಎಂಟು ತಿಂಗಳು. ಮೊದಲ ತಿಂಗಳಲ್ಲೇ ಶುರುವಾಯಿತು, ಇದು ಮೂರನೇ ಸಲ. ತವರಲ್ಲಿ ಒಂದು ದಿನವೂ ಇರಲಿಲ್ಲ. ಮನೆಯಲ್ಲಿ ಹಿರಿಯರೊಬ್ಬರು "ಹುಡುಗಿಗೆ ಮೊದಲೇ ಏನೋ ಇತ್ತು" ಅಂದರು. ರಾತ್ರಿ ಎಲ್ಲ ಅತ್ತಿದ್ದೇನೆ. ನಿಮ್ಮ ಇಲಿಗಳಲ್ಲಿ ಇದಕ್ಕೆ ಏನಾದರೂ ಉತ್ತರ ಇದೆಯಾ ಅಕ್ಕ?

ಕಾಡುಮಲ್ಲಿಗೆ:
ಇದೆ. ಮೊದಲು ಒಂದು ಮಾತು. ಮದುವೆಯಾದ ಹೊಸತರಲ್ಲಿ ಈ ಸೋಂಕು ಬರುವುದು ಎಷ್ಟು ಸಾಮಾನ್ಯ ಅಂದರೆ ಇಂಗ್ಲಿಷ್ ವೈದ್ಯರು ಅದಕ್ಕೆ ಹನಿಮೂನ್ ಸಿಸ್ಟೈಟಿಸ್ ಅಂತಲೇ ಹೆಸರಿಟ್ಟಿದ್ದಾರೆ. ಕೂಡುವಾಗ ಹತ್ತಿರದ ಬ್ಯಾಕ್ಟೀರಿಯಾ ಮೂತ್ರನಾಳದ ಒಳಗೆ ತಳ್ಳಲ್ಪಡುತ್ತವೆ. ನಿಮ್ಮದೂ ತಪ್ಪಿಲ್ಲ, ಅವರದೂ ತಪ್ಪಿಲ್ಲ.

ಎರಡನೆಯದು 2017ರಲ್ಲಿ ಹೊರಬಂದ, ಇಲಿಗಳ ಮೇಲಿನ ಒಂದು ಅಧ್ಯಯನ. ಮೂತ್ರಕೋಶದಲ್ಲಿ ಇ. ಕೋಲಿ ಮಲಗಿರುವ ಇಲಿಗಳನ್ನು ತೆಗೆದುಕೊಂಡರು. ಅವುಗಳ ಮೂತ್ರ ತಿಳಿಯಾಗಿತ್ತು. ಆ ಮೂತ್ರಕೋಶಕ್ಕೆ ಗಾರ್ಡ್ನೆರೆಲ್ಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಬಿಟ್ಟರು. ಅದು ಯೋನಿಯಲ್ಲಿ ವಾಸಿಸುವಂಥದ್ದು, ಎಷ್ಟೋ ಹೆಂಗಸರಲ್ಲಿ ಇರುತ್ತದೆ. ಮೂತ್ರಕೋಶದಲ್ಲಿ ಅದು ಜಾಸ್ತಿ ಹೊತ್ತು ನಿಲ್ಲಲಿಲ್ಲ, ಬಂದು ಹೋಯಿತು. ಅಷ್ಟಕ್ಕೇ ಒಳಗೋಡೆಯ ಕೋಶಗಳು ಕಳಚಿ, ಮಲಗಿದ್ದ ಇ. ಕೋಲಿ ಎದ್ದವು. ಪರೀಕ್ಷೆಯಲ್ಲಿ ಸಿಕ್ಕಿದ್ದು ಇ. ಕೋಲಿ ಮಾತ್ರ. ಎಬ್ಬಿಸಿದ್ದು ಅಷ್ಟರಲ್ಲಿ ಜಾಗ ಖಾಲಿ ಮಾಡಿತ್ತು.

ನಿಮ್ಮಲ್ಲೂ ಇದೇ ಆಗಿದೆ ಅಂತ ನಾನು ಇಲ್ಲಿಂದ ಹೇಳಲಾರೆ. ಆದರೆ "ಮೊದಲೇ ಏನೋ ಇತ್ತು" ಅನ್ನುವ ಮಾತಿಗೆ ಅರ್ಥವಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಎಂಟು ತಿಂಗಳಲ್ಲಿ ಮೂರು ಸಲ ಆಗಿದ್ದರೆ ಅದು ಮರುಕಳಿಸುವ ಸೋಂಕು. ಆರು ತಿಂಗಳಲ್ಲಿ ಎರಡು ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ವೈದ್ಯರು ಹಾಗೆ ಕರೆಯುತ್ತಾರೆ, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಸ್ತ್ರೀರೋಗ ತಜ್ಞರನ್ನು ನೋಡಿ. ಮುಟ್ಟು ತಪ್ಪಿದ್ದರೆ ಅದನ್ನೂ ಮರೆಯದೆ ಹೇಳಿ.

ನಿವೃತ್ತ ಮೇಷ್ಟ್ರು, ಪೊನ್ನಂಪೇಟೆ:
ಜೀವಶಾಸ್ತ್ರ ಪಾಠ ಮಾಡಿದವನು ನಾನು. ಚೆನ್ನಾಗಿ ಬರೆದಿದ್ದೀಯಮ್ಮ. ಆದರೆ ಇಲಿಯಲ್ಲಿ ಕಂಡದ್ದನ್ನೆಲ್ಲ ಮನುಷ್ಯರಿಗೆ ಹೊಂದಿಸುವುದು ಸರಿಯಲ್ಲ ಅಂತ ನನ್ನ ಅನಿಸಿಕೆ. ಇಲಿಗೆ ತಾನಾಗಿ ಈ ರೋಗ ಬರುವುದಿಲ್ಲ, ನೀವು ನಳಿಕೆ ಹಾಕಿ ಕೋಟಿಗಟ್ಟಲೆ ಬಿಟ್ಟಾಗ ಬರುತ್ತದೆ. ಮನುಷ್ಯರ ಮೂತ್ರಕೋಶದಲ್ಲೂ ಬ್ಯಾಕ್ಟೀರಿಯಾ ಹೀಗೆ ಒಳಗೆ ಹೋಗುತ್ತದೆ ಅನ್ನಲು ಆಧಾರ ಏನು?

ಕಾಡುಮಲ್ಲಿಗೆ:
ಸರ್, ಇದು ನಮ್ಮ ಲ್ಯಾಬ್‌ನಲ್ಲಿ ಪ್ರತಿ ವಾರ ಏಳುವ ಪ್ರಶ್ನೆ. ಆಧಾರ ಇದೆ, ಪೂರ್ತಿ ಅಲ್ಲ. 2007ರಲ್ಲಿ ಮೂತ್ರಕೋಶದ ಸೋಂಕು ಇದ್ದ 80 ಹೆಂಗಸರ ಮೂತ್ರ ನೋಡಿದರು. ಕಳಚಿ ಬಂದ ಕೋಶಗಳ ಒಳಗೆ ಬ್ಯಾಕ್ಟೀರಿಯಾ ಗುಂಪು ಸಿಕ್ಕಿದ್ದು ನೂರಕ್ಕೆ 18 ಜನರಲ್ಲಿ. ದಾರದ ಹಾಗಿರುವ ಉದ್ದ ಬ್ಯಾಕ್ಟೀರಿಯಾ ನೂರಕ್ಕೆ 41 ಜನರಲ್ಲಿ. ಇಲಿಗಳಲ್ಲಿ ಮೊದಲು ನೋಡಿರದಿದ್ದರೆ ಮನುಷ್ಯರ ಮೂತ್ರದಲ್ಲಿ ಅದನ್ನು ಹುಡುಕಬೇಕು ಅಂತ ಯಾರಿಗೂ ಹೊಳೆಯುತ್ತಿರಲಿಲ್ಲ. ಮಲಗಿರುವ ಬ್ಯಾಕ್ಟೀರಿಯಾ ವಿಷಯದಲ್ಲಿ ಮಾತ್ರ ಹೆಚ್ಚಿನ ಆಧಾರ ಇಲಿಗಳದ್ದೇ. ಬದುಕಿರುವ ಹೆಂಗಸಿನ ಮೂತ್ರಕೋಶ ಅರೆದು ನೋಡಲು ಆಗುವುದಿಲ್ಲವಲ್ಲ. ಮತ್ತೆ ಬರುವ ಸೋಂಕೆಲ್ಲ ಒಳಗಿಂದ ಎದ್ದದ್ದೇ ಅಲ್ಲ, ಕರುಳಿನಿಂದ ಹೊಸದಾಗಿ ಬರುವುದೂ ಇದೆ.

ಎರಡು ಜೀವಿಗಳ ನಡುವೆ ವ್ಯತ್ಯಾಸವೂ ಇದೆ. ಇಲಿಯಲ್ಲಿ ಟಿಎಲ್‌ಆರ್11 ಅನ್ನುವ ಒಂದು ಕಾವಲು ಪ್ರೋಟೀನ್ ಇದೆ, ಅದು ಅದರ ಮೂತ್ರಪಿಂಡವನ್ನು ಈ ಬ್ಯಾಕ್ಟೀರಿಯಾದಿಂದ ಕಾಯುತ್ತದೆ ಅಂತ 2004ರಲ್ಲಿ ಗೊತ್ತಾಯಿತು. ನಮ್ಮಲ್ಲಿ ಆ ವಂಶವಾಹಿ ಕೆಟ್ಟು ಕೂತಿದೆ, ಕೆಲಸ ಮಾಡುವುದಿಲ್ಲ. ಇಲಿಯ ಮೂತ್ರ ನಮ್ಮದಕ್ಕಿಂತ ತುಂಬ ಗಟ್ಟಿ. ಇಲಿಗೆ ನಮ್ಮ ಹಾಗೆ ಮುಟ್ಟು ನಿಲ್ಲುವುದೂ ಇಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಫಿಮ್‌ಎಚ್ ಕೊಕ್ಕೆಗೆ ಸಿಕ್ಕಿಬೀಳುವ, ಮ್ಯಾನೋಸ್ ಹೋಲುವ ಔಷಧಗಳನ್ನು ಇಲಿಗಳಿಗೆ ಬಾಯಿಂದ ಕೊಟ್ಟಾಗ 2011ರಲ್ಲಿ ಒಳ್ಳೆಯ ಫಲಿತಾಂಶ ಬಂತು. ಅದನ್ನು ನೋಡಿ ಅಂಗಡಿಯಲ್ಲಿ ಸಿಗುವ ಡಿ-ಮ್ಯಾನೋಸ್ ಪುಡಿ ಕುಡಿದರೆ ಸಾಕು ಅಂತ ತುಂಬ ಜನ ನಂಬಿದರು. ಬ್ರಿಟನ್‌ನಲ್ಲಿ 598 ಹೆಂಗಸರಿಗೆ ಆರು ತಿಂಗಳು ಕೊಟ್ಟು ನೋಡಿದ ಫಲಿತಾಂಶ 2024ರಲ್ಲಿ ಬಂತು. ಪುಡಿ ತಿಂದವರಲ್ಲಿ ನೂರಕ್ಕೆ 51 ಜನರಿಗೆ ಮತ್ತೆ ತೊಂದರೆ ಬಂತು, ತಿನ್ನದವರಲ್ಲಿ ಸುಮಾರು 56. ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸ ಅಲ್ಲ. ಇಲಿಗೆ ಕೊಟ್ಟ ಔಷಧ ಬೇರೆ, ಅದು ಪುಡಿಗಿಂತ ಎಷ್ಟೋ ಪಟ್ಟು ಗಟ್ಟಿಯಾಗಿ ಹಿಡಿಯುವಂಥದ್ದು. ಆದರೂ ಮನುಷ್ಯರಲ್ಲಿ ನೋಡದೆ ಏನನ್ನೂ ಹೇಳಬಾರದು ಅನ್ನುವ ನಿಮ್ಮ ಮಾತು ನೂರಕ್ಕೆ ನೂರು ಸರಿ.

ನೀಲಿ ಕುರಿಂಜಿ:
ನನಗೆ ಓದಿ ಸಂಕಟವಾಯಿತು. ಅಮ್ಮಂದಿರ ನೋವು ಅರ್ಥವಾಗುತ್ತದೆ, ನಾನೂ ಅನುಭವಿಸಿದ್ದೇನೆ. ಆದರೆ ಅಂಗೈಯಲ್ಲಿ ಹಿಡಿಯುವ ಜೀವಕ್ಕೆ ಬೇಕಂತಲೇ ಆ ಉರಿ ಕೊಡುವುದು, ಆಮೇಲೆ ಕೊಲ್ಲುವುದು... ಬೇರೆ ದಾರಿ ಇಲ್ಲವಾ?

ಕಾಡುಮಲ್ಲಿಗೆ:
ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಮೊದಲ ಇಲಿಯನ್ನು ನನ್ನ ಕೈಯಲ್ಲಿ ಸಾಯಿಸಿದ ದಿನ ನನಗೆ ಊಟ ಸೇರಲಿಲ್ಲ. ಈಗಲೂ ಪ್ರತಿ ಸಲ ಮನಸ್ಸು ಭಾರವಾಗುತ್ತದೆ, ಆಗದಿದ್ದರೆ ಈ ಕೆಲಸ ಬಿಡಬೇಕು ಅಂತ ನನ್ನ ಭಾವನೆ. ನಮ್ಮ ದೇಶದಲ್ಲಿ ಸಂಸ್ಥೆಯ ಪ್ರಾಣಿ ನೀತಿ ಸಮಿತಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಎಷ್ಟು ಇಲಿ, ಯಾಕೆ, ನೋವು ಹೇಗೆ ತಪ್ಪಿಸುತ್ತೀರಿ, ಬೇರೆ ದಾರಿ ಯಾಕೆ ಆಗುವುದಿಲ್ಲ ಅಂತ ಬರೆದು ಕೊಡಬೇಕು. ಸಾಧ್ಯವಾದರೆ ಪ್ರಾಣಿ ಬಿಡಿ, ಆಗದಿದ್ದರೆ ಸಂಖ್ಯೆ ಇಳಿಸಿ, ಉಳಿದವಕ್ಕೆ ನೋವು ಇಳಿಸಿ ಅನ್ನುವ ನಿಯಮ 1959ರಲ್ಲಿ ರಸೆಲ್ ಮತ್ತು ಬರ್ಚ್ ಅನ್ನುವ ಇಬ್ಬರು ಹೇಳಿದ್ದು. ಇವತ್ತಿಗೂ ಅದೇ ನಮ್ಮ ಅಳತೆಗೋಲು.

ಬೇರೆ ದಾರಿಗಳೂ ತೆರೆಯುತ್ತಿವೆ. ಸ್ವಿಟ್ಜರ್‌ಲೆಂಡ್‌ನ ಲೊಸಾನ್‌ನಲ್ಲಿ 2021ರಲ್ಲಿ ಮನುಷ್ಯರ ಮೂತ್ರಕೋಶದ ಕೋಶಗಳನ್ನೇ ಒಂದು ಸಣ್ಣ ಚಿಪ್‌ನಲ್ಲಿ ಬೆಳೆಸಿ, ಮೂತ್ರ ತುಂಬುವ ಹಾಗೆ ಖಾಲಿಯಾಗುವ ಹಾಗೆ ಮಾಡಿ, ಸೋಂಕು ಒಳಗೆ ಹೋಗುವುದನ್ನು ಕಣ್ಣಾರೆ ನೋಡಿದ್ದಾರೆ. ಆದರೆ ಚಿಪ್‌ಗೆ ಪೂರ್ತಿ ದೇಹ ಇಲ್ಲ. ಮೂತ್ರಪಿಂಡಕ್ಕೆ ಹತ್ತುವುದು, ವಾರಗಟ್ಟಲೆ ಮಲಗಿ ಏಳುವುದು ಅದರಲ್ಲಿ ಕಾಣುವುದಿಲ್ಲ. ನಾನು ಒಂದೊಂದು ಇಲಿಯಿಂದಲೂ ಮೂತ್ರ, ಮೂತ್ರಕೋಶ, ಮೂತ್ರಪಿಂಡ, ರಕ್ತ ಎಲ್ಲ ತೆಗೆದಿಟ್ಟು ಬೇರೆಯವರ ಜೊತೆ ಹಂಚಿಕೊಳ್ಳುತ್ತೇನೆ, ಇನ್ನೊಂದು ಇಲಿ ಉಳಿಯಲಿ ಅಂತ.

ತೋಟದ ರೈಟರ್:
ಸಿದ್ದಾಪುರ ಕಡೆ ಒಂದು ಕಾಫಿ ತೋಟದಲ್ಲಿ 19 ವರ್ಷದಿಂದ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೇನೆ. ಲ್ಯಾಬ್ ವಿಷಯ ನನಗೆ ಅಷ್ಟು ತಿಳಿಯದು. ನನ್ನ ಕಣ್ಣಿಗೆ ಕಂಡದ್ದು ಹೇಳುತ್ತೇನೆ.

ಕೊಯ್ಲು ಶುರುವಾದರೆ ಹೆಂಗಸರು ಬೆಳಗ್ಗೆ ಎಂಟಕ್ಕೆ ತೋಟಕ್ಕೆ ಇಳಿಯುತ್ತಾರೆ, ಸಂಜೆ ಹಣ್ಣು ಅಳೆಸಿ ಲೈನ್ ಮನೆಗೆ, ಅಂದರೆ ಕೆಲಸದವರ ಸಾಲುಮನೆಗೆ, ಹೋಗುವಾಗ ಐದು. ಇಷ್ಟು ಹೊತ್ತೂ ಮೂತ್ರಕ್ಕೆ ಹೋಗದವರು ತುಂಬ ಜನ. ಮಳೆಗಾಲದಲ್ಲಿ ಜಿಗಣೆ. ಈಗ ಆನೆ. ಕಳೆದ ಕೆಲವು ವರ್ಷಗಳಿಂದ ಆನೆ ತೋಟದೊಳಗೇ ಬೀಡುಬಿಟ್ಟಿರುತ್ತದೆ, ಒಬ್ಬರೇ ಗಿಡದ ಮರೆಗೆ ಹೋಗಲು ಯಾರಿಗೆ ಧೈರ್ಯ ಬರುತ್ತದೆ? ಗಂಡಸರ ಮುಂದೆ ಹೇಳಲೂ ನಾಚಿಕೆ. ಹಾಗಾಗಿ ನೀರೇ ಕುಡಿಯುವುದಿಲ್ಲ. ತಂದ ಬಾಟಲಿ ತುಂಬಿದ ಹಾಗೇ ವಾಪಸ್ ಹೋಗುವುದನ್ನು ನೋಡಿದ್ದೇನೆ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಹೆಂಗಸರಿಗೆ ಬೇರೆ ಶೌಚಾಲಯ ಇರಬೇಕು ಅಂತ ಬರೆದಿತ್ತು. ಬಹಳ ಕಡೆ ಅದು ಲೈನ್ ಮನೆ ಹತ್ತಿರ ಇರುತ್ತದೆ, ಕೊಯ್ಲು ನಡೆಯುವ ಬ್ಲಾಕ್‌ನಿಂದ ಎರಡು ಕಿಲೋಮೀಟರ್ ಆಚೆ.

ನೀರು ಕುಡಿದರೆ ನಿಜವಾಗಿ ಉಪಯೋಗ ಇದೆಯಾ? ಇದ್ದರೆ ಮಾಲೀಕರ ಹತ್ತಿರ ಮಾತಾಡಲು ನನಗೊಂದು ಗಟ್ಟಿ ಮಾತು ಬೇಕು.

ಕಾಡುಮಲ್ಲಿಗೆ:
ಇದೆ ಅಣ್ಣ, ಮನುಷ್ಯರಲ್ಲೇ ನೋಡಿದ ಪುರಾವೆ. ಮತ್ತೆ ಮತ್ತೆ ಸೋಂಕು ಬರುವ, ನೀರು ಕಡಿಮೆ ಕುಡಿಯುವ 140 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯಿತು. ವರ್ಷದ ಕೊನೆಗೆ ಆ ಗುಂಪಿನಲ್ಲಿ ಒಬ್ಬರಿಗೆ ಸರಾಸರಿ 1.7 ಸಲ ಸೋಂಕು, ಇನ್ನೊಂದು ಗುಂಪಿನಲ್ಲಿ 3.2 ಸಲ. 2018ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧಕ್ಕೆ ಅರ್ಧ. ಕಚ್ಚಿಕೊಳ್ಳುವ ಮೊದಲೇ ಬ್ಯಾಕ್ಟೀರಿಯಾ ತೊಳೆದು ಹೋಗುತ್ತದೆ ಅಂತ ಲೆಕ್ಕ. ಆದರೆ ನೀರು ಕುಡಿ ಅನ್ನುವವರು ಹೋಗಲು ಜಾಗವನ್ನೂ ಕೊಡಬೇಕು. ಅದಿಲ್ಲದೆ ತೋಟದ ಹೆಂಗಸರಿಗೆ ಬುದ್ಧಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ತೋಟದ ರೈಟರ್:
ಸರಿ ತಂಗಿ. ಬ್ಲಾಕ್ ಬದಲಾದ ಹಾಗೆ ಎತ್ತಿಕೊಂಡು ಹೋಗುವಂಥ ತಗಡಿನ ಮರೆ ಎರಡು ಮಾಡಿಸಲು ಕೇಳುತ್ತೇನೆ. ಹೆಂಗಸರು ಇಬ್ಬಿಬ್ಬರು ಹೋಗಲಿ, ಆ ಹೊತ್ತು ಕೂಲಿಯಲ್ಲಿ ಮುರಿಯುವುದಿಲ್ಲ ಅಂತ ನಾನೇ ಹೇಳುತ್ತೇನೆ.

ಸಿಸ್ಟರ್ ಮಡಿಕೇರಿ:
ಮೂವತ್ತು ವರ್ಷ ನರ್ಸ್ ಆಗಿದ್ದವಳು. ಒಂದೆರಡು ಮಾತು ಸೇರಿಸುತ್ತೇನೆ. ಉರಿ, ಪದೇ ಪದೇ ಹೋಗಬೇಕು ಅನ್ನಿಸುವುದು, ಇಷ್ಟೇ ಇದ್ದರೆ ಅದು ಸಾಮಾನ್ಯವಾಗಿ ಮೂತ್ರಕೋಶದ ಮಟ್ಟದಲ್ಲಿದೆ. ಚಳಿ ಜ್ವರ, ಸೊಂಟದ ಮೇಲೆ ಒಂದು ಪಕ್ಕೆಯಲ್ಲಿ ನೋವು, ವಾಂತಿ ಬಂತು ಅಂದರೆ ಮೂತ್ರಪಿಂಡಕ್ಕೆ ಹತ್ತಿರಬಹುದು. ಆಗ ಬಾರ್ಲಿ ನೀರು, ಎಳನೀರು ಅಂತ ಮನೆಯಲ್ಲಿ ಕೂರಬೇಡಿ. ಬಸುರಿಯರು ಉರಿ ಇಲ್ಲದಿದ್ದರೂ ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಸಕ್ಕರೆ ಕಾಯಿಲೆಯವರೂ ತಡಮಾಡಬಾರದು. ಮತ್ತೊಂದು ಕಡೆ, ವಯಸ್ಸಾದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡಿತು, ಆದರೆ ತೊಂದರೆ ಏನೂ ಇಲ್ಲ ಅಂದರೆ ಸುಮ್ನೆ ಆಂಟಿಬಯೋಟಿಕ್ ಬೇಡ.

ಕಾಡುಮಲ್ಲಿಗೆ, ನಿಮ್ಮ ಅಮ್ಮನಿಗೆ ಮುಟ್ಟು ನಿಂತಿರಬೇಕಲ್ವಾ? ಈಸ್ಟ್ರೋಜನ್ ಅನ್ನುವ ಹಾರ್ಮೋನಿನ ಕ್ರೀಮ್ ಬಗ್ಗೆ ಡಾಕ್ಟರ ಹತ್ತಿರ ಕೇಳಿದಿರಾ?

ಕಾಡುಮಲ್ಲಿಗೆ:
ಕೇಳಿದೆ ಸಿಸ್ಟರ್. ಹೋದ ವಾರ ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಮುಟ್ಟು ನಿಂತ ಹೆಂಗಸರಲ್ಲಿ ಯೋನಿಗೆ ಹಚ್ಚುವ ಆ ಕ್ರೀಮ್‌ನಿಂದ ವರ್ಷಕ್ಕೆ ಬರುವ ಸೋಂಕು 0.5 ಸಲಕ್ಕೆ ಇಳಿಯಿತು, ಔಷಧವಿಲ್ಲದ ಕ್ರೀಮ್ ಹಚ್ಚಿದವರಲ್ಲಿ 5.9 ಸಲ ಬಂತು ಅಂತ 1993ರಲ್ಲೇ ತೋರಿಸಿದ್ದಾರೆ. ಮೂವತ್ತು ವರ್ಷ ಕಳೆದರೂ ನಮ್ಮಮ್ಮನಿಗೆ ಅದನ್ನು ಹೇಳಿದ ಮೊದಲ ಡಾಕ್ಟರ್ ಇವರು. ಅಮ್ಮ ಶುರು ಮಾಡಿದ್ದಾರೆ. ವಾಪಸ್ ಬರುವಾಗ ಹುಣಸೂರಿನಲ್ಲಿ ಬಸ್ಸು ನಿಂತಾಗ ತಾವಾಗಿ ಇಳಿದು ನೀರಿನ ಬಾಟಲಿ ತಂದರು.

ಔಷಧಿ ಅಂಗಡಿ, ಕುಶಾಲನಗರ:
ನನ್ನ ಅಂಗಡಿಗೆ ವಾರಕ್ಕೆ ನಾಲ್ಕೈದು ಜನ ಬಂದು "ಉರಿಮೂತ್ರಕ್ಕೆ ಎರಡು ಗುಳಿಗೆ ಕೊಡಿ" ಅಂತ ಕೇಳುತ್ತಾರೆ. ಹೆಚ್ಚಿನವರು ಗಂಡನನ್ನೋ ಮಗನನ್ನೋ ಕಳಿಸುತ್ತಾರೆ. ಸೆಫಿಕ್ಸಿಮ್ ಥರದ ಆಂಟಿಬಯೋಟಿಕ್ ಎಚ್1 ಪಟ್ಟಿಯಲ್ಲಿದೆ, 2014ರಿಂದ ಚೀಟಿ ನೋಡಿ ರಿಜಿಸ್ಟರ್‌ನಲ್ಲಿ ಬರೆಯದೆ ಕೊಡುವಂತಿಲ್ಲ. ಕೊಡುವುದಿಲ್ಲ ಅಂದರೆ ಕೋಪ ಮಾಡಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಇವತ್ತು ಇದನ್ನು ಓದಿದ ಮೇಲೆ ಅವರಿಗೆ ಹೇಳಲು ಒಂದು ಮಾತು ಸಿಕ್ಕಿತು. ಕೋಶದ ಒಳಗೆ ಅವಿತಿರುವುದಕ್ಕೆ ಎರಡು ಗುಳಿಗೆ ಏನೂ ಮಾಡದು, ಹೊರಗೆ ಉಳಿದದ್ದು ಔಷಧಕ್ಕೆ ಬಗ್ಗದಂತಾಗಬಹುದು.

ಕರಿಕೆಯವಳು:
ನನ್ನ ಅತ್ತಿಗೆಗೆ ಎರಡನೇ ಸಲ ಬಂದಿದೆ. ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ ಅಂದಿದ್ದಾರೆ. ನಮ್ಮ ಕರಿಕೆಯಿಂದ ಭಾಗಮಂಡಲ ದಾಟಿ ಮಡಿಕೇರಿಗೆ ಬರಬೇಕಾದರೆ ಎರಡು ತಾಸಿಗಿಂತ ಜಾಸ್ತಿ. ಅವಳಿಗೆ ಚಿಕ್ಕ ಮಗು ಇದೆ, ಬರಲು ಆಗುವುದಿಲ್ಲ. ಮೂತ್ರ ಬಾಟಲಿಯಲ್ಲಿ ಕಳಿಸಿದರೆ ಸರಿಯಾಗುತ್ತದಾ?

ಸಿಸ್ಟರ್ ಮಡಿಕೇರಿ:
ಹಾಗೇ ಕಳಿಸಿದರೆ ತಪ್ಪು ಉತ್ತರ ಬರಬಹುದು. ಬೆಚ್ಚಗಿನ ಮೂತ್ರದಲ್ಲಿ ಇ. ಕೋಲಿ ಬೇಗ ಬೇಗ ಎರಡರಷ್ಟಾಗುತ್ತಾ ಹೋಗುತ್ತದೆ. ಲ್ಯಾಬ್‌ನವರು ಒಂದು ಮಿಲಿಲೀಟರ್‌ಗೆ ಲಕ್ಷ ಇದೆಯಾ ಅಂತ ಎಣಿಸುತ್ತಾರೆ. ದಾರಿಯಲ್ಲೇ ಬೆಳೆದರೆ ಲೆಕ್ಕ ಕೆಡುತ್ತದೆ. ಎರಡು ಗಂಟೆಯೊಳಗೆ ತಲುಪಬೇಕು, ಇಲ್ಲವೇ 4 ಡಿಗ್ರಿ ತಣ್ಣಗೆ ಇಟ್ಟರೆ 24 ಗಂಟೆ ತಡೆಯುತ್ತದೆ. ಲ್ಯಾಬ್‌ನಿಂದ ಮೊದಲೇ ಮುಚ್ಚಿದ ಶುದ್ಧ ಡಬ್ಬಿ ತರಿಸಿಕೊಳ್ಳಿ. ಬೋರಿಕ್ ಆ್ಯಸಿಡ್ ಇರುವ ಡಬ್ಬಿ ಸಿಕ್ಕರೆ ಇನ್ನೂ ಒಳ್ಳೆಯದು. ನೀರಿನಿಂದ ತೊಳೆದುಕೊಂಡು, ಮೊದಲ ಸ್ವಲ್ಪ ಬಿಟ್ಟು, ನಡುವಿನದು ಮಾತ್ರ ಹಿಡಿಯಲಿ. ಗುಳಿಗೆ ಶುರು ಮಾಡುವ ಮೊದಲೇ ಹಿಡಿಯಬೇಕು. ಅಗಲ ಬಾಯಿಯ ಥರ್ಮಾಸ್‌ನಲ್ಲಿ ಐಸ್ ಹಾಕಿ, ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗಿಡಿ. ಹಿಡಿದ ಹೊತ್ತನ್ನು ಮೇಲೆ ಬರೆಯಿರಿ.

ಕರಿಕೆಯವಳು:
ಡಬ್ಬಿಗೆ ನಾಳೆ ಅಣ್ಣನಿಗೆ ಹೇಳುತ್ತೇನೆ. ಮನೆಯಲ್ಲಿ ಫ್ರಿಜ್ ಇಲ್ಲ, ಆದರೆ ಅಂಗಡಿಯವರ ಹತ್ತಿರ ಐಸ್ ಸಿಗುತ್ತದೆ. ನಾಡಿದ್ದು ಬೆಳಗ್ಗಿನ ಬಸ್ಸಿಗೆ ಅಣ್ಣನೇ ತರುತ್ತಾನೆ ಸಿಸ್ಟರ್, ಎಲ್ಲಿ ಕೊಡಬೇಕು ಅಂತ ನಿಮಗೆ ಬೇರೆಯಾಗಿ ಕೇಳುತ್ತೇನೆ.